ಅತ್ತಿಗೆ ಕುಳಿತ ದೋಣಿ

ದರ್ಜಿ ಮತ್ತೊಮ್ಮೆ ಬಿಳಿ ದೋಣಿ ಹತ್ತಿ ಇಳಿದಾಗ ಅವನ ಹೆಂಡತಿಗೆ ತಾಳ್ಮೆ ತಪ್ಪಿತು. ಮಾರಾಟಕ್ಕಿದ್ದ ಹಳೆಯ ಮೋಟಾರು ದೋಣಿಗಳೆರಡೂ ಕಟ್ಟೆಯ ಪಕ್ಕದಲ್ಲಿ ಅವಳಿ ಮಕ್ಕಳ ಹಾಗೆ ತೂಗಾಡುತ್ತಿದ್ದವು. ಒಂದೇ ಉದ್ದ, ಒಂದೇ ಬಗೆಯ ಎಂಜಿನ್, ಬೆಲೆಯೂ ಹೆಚ್ಚುಕಡಿಮೆ ಒಂದೇ. ಬಿಳಿಯದರ ಸೀಟುಗಳಿಗೆ ಹೊಸ ರೆಕ್ಸಿನ್ ಹೊದಿಸಿದ್ದರು. ಹಸಿರು ದೋಣಿಯ ಬಣ್ಣ ಅಲ್ಲಲ್ಲಿ ಎದ್ದಿತ್ತು. ತಳ ತುಸು ಅಗಲವಾಗಿ, ಹೊಟ್ಟೆ ತುಂಬ ಉಂಡು ಕುಳಿತವರ ಹಾಗೆ ಕಾಣುತ್ತಿತ್ತು. ಹೆಂಡತಿಗೆ ಬಿಳಿಯದೇ ಆಗಬೇಕು. ದರ್ಜಿಗೋ ಆ ಹೊಸ ಸೀಟಿನ ಹೊಲಿಗೆ ಸೊಟ್ಟಗಿರುವುದೇ ಕಣ್ಣಿಗೆ ಚುಚ್ಚುತ್ತಿತ್ತು. ಮಾರುವವನು ಇಬ್ಬರ ಮಾತಿಗೂ ತಲೆದೂಗುತ್ತ ಹಗ್ಗ ಸುತ್ತುತ್ತಿದ್ದ. ಮಗಳು ಆಗಲೇ ಎರಡಕ್ಕೂ ಹೆಸರಿಟ್ಟು ಮುಗಿಸಿದ್ದಳು.

ಅತ್ತಿಗೆ ಕಾರಿನಲ್ಲೇ ಇದ್ದಳು. ತಾಯಿ ತೀರಿದ ಮೇಲೆ ದರ್ಜಿಯನ್ನು ಸಾಕಿದವಳು ಆಕೆಯೇ. ಅಣ್ಣ ಹೋದ ನಂತರ ಇವನ ಮನೆಗೆ ಬಂದಿದ್ದಳು. ಭಾರಿ ಮೈ, ಹೇಳಿದ ಮಾತು ಕೇಳದ ಮಂಡಿ. ಒಮ್ಮೆ ಬಸ್ಸಿನ ಮೆಟ್ಟಿಲಿನಿಂದ ಜಾರಿ ಎಲ್ಲರೆದುರು ಬಿದ್ದವಳು, ಆಮೇಲೆ ಎಲ್ಲಿಗೂ ಹೊರಟಿರಲಿಲ್ಲ. ನೀವು ಹೋಗಿ ಬನ್ನಿ, ಮನೆಗೂ ಒಬ್ಬರು ಬೇಕಲ್ಲ ಎಂದು ಬಾಗಿಲಲ್ಲೇ ನಿಂತುಬಿಡುತ್ತಿದ್ದಳು. ಈವತ್ತು ಕೂಡ ಕಾರಿನಿಂದ ಕೆಳಗಿಳಿಯುವುದಿಲ್ಲ ಎಂಬ ಕರಾರಿನ ಮೇಲೆ ಬಂದಿದ್ದಳು.

ದರ್ಜಿ ಬೇಸತ್ತು ಕಾರಿನ ಕಿಟಕಿಗೆ ಒರಗಿದ. "ಯಾವುದಾದ್ರೇನು ಅತ್ತಿಗೆ, ಮೂರು ಜನ ಕೂರೋದಕ್ಕೆ ಇಷ್ಟೊಂದು ರಾಮಾಯಣ."

"ಮೂರು ಅಂತ ಎಣಿಸಿದ್ದು ಯಾರು?" ಎಂದಳು ಅತ್ತಿಗೆ.

ಇಷ್ಟು ವರ್ಷ ಆಕೆ ಬೇಡ ಎಂದದ್ದನ್ನು ಅವನು ಬೇಡವೆಂದೇ ತಿಳಿದಿದ್ದ. ಎರಡನೆಯ ಸಲ ಕೇಳಿರಲೇ ಇಲ್ಲ. ಅಷ್ಟರಲ್ಲಿ ಆಕೆ ಬಾಗಿಲು ತೆರೆದು ಕಾಲು ಹೊರಗಿಟ್ಟಿದ್ದಳು. "ನಿಂತ್ಕೊಂಡು ನೋಡ್ತೀಯಲ್ಲ, ಕೈ ಕೊಡು."

ಮೊದಲು ಬಿಳಿಯದು. ಆಕೆ ಒಂದು ಕಾಲಿಟ್ಟದ್ದೇ ತಡ, ದೋಣಿ ಪಕ್ಕಕ್ಕೆ ವಾಲಿತು, ನೀರು ಚಳ್ಳನೆ ಒಳಗೆ ಹಾರಿತು. ಆಕೆ ಕಾಲು ಹಿಂದೆಗೆದು ಮೈದುನನ ಭುಜವನ್ನು ಗಟ್ಟಿಯಾಗಿ ಹಿಡಿದಳು. ಕಟ್ಟೆಯ ಮೇಲೆ ಹೋಗುತ್ತಿದ್ದವರು ನಿಂತು ನೋಡಿದರು. ಮನೆಗೆ ಹೋಗೋಣ ಎಂದು ಅವನು ಮೆಲ್ಲಗೆ ಹೇಳಿದ.

"ಇನ್ನೊಂದು ಇದೆಯಲ್ಲ," ಎಂದಳು ಅತ್ತಿಗೆ. ದನಿ ಸಣ್ಣಗಿತ್ತು.

ದರ್ಜಿ ಹಸಿರು ದೋಣಿಗಿಳಿದು ಮಂಡಿಯೂರಿ, ಆಕೆಯ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ನಡುಮಧ್ಯೆ ಇರಿಸಿದ. ಹಿಂದಿನಿಂದ ಹೆಂಡತಿ ಸೊಂಟಕ್ಕೆ ಆಸರೆ ಕೊಟ್ಟಳು. ಮಾರುವವನು ಹಗ್ಗ ಬಿಸುಟು ತೋಳು ಕೊಟ್ಟ. ಇನ್ನೊಂದು ಕಾಲೂ ಬಂತು. ದೋಣಿ ಒಂದಿಷ್ಟು ತಗ್ಗಿ ಹಾಗೆಯೇ ನಿಂತಿತು. ಅತ್ತಿಗೆ ಸೀಟಿನ ಮೇಲೆ ಕುಳಿತು ಸುಧಾರಿಸಿಕೊಂಡಳು.

"ಇನ್ನು ನನ್ನನ್ನ ಎಬ್ಬಿಸೋಕೆ ಬರಬೇಡಿ. ಇಳಿಸೋ ಕಷ್ಟಕ್ಕಿಂತ ದೋಣಿ ಕೊಂಡ್ಕೊಳ್ಳೋದೇ ಸುಲಭ."

ಮೊದಲು ನಕ್ಕವಳು ಹೆಂಡತಿಯೇ. ಸೀಟಿನ ಹರಿದ ಅಂಚನ್ನು ಬೆರಳಿನಿಂದ ಒತ್ತಿ, ಮನೆಯಲ್ಲಿ ದರ್ಜಿ ಇರುವಾಗ ಇದಕ್ಕೇನು ಎಂದು ಬಿಳಿಯದನ್ನು ಅಲ್ಲಿಗೇ ಬಿಟ್ಟಳು. ಮಗಳು ಎಗರಿ ದೊಡ್ಡಮ್ಮನ ಮಗ್ಗುಲಿಗೆ ಬಂದಳು. ಎಂಜಿನ್ ಕೆಮ್ಮಿ, ಗೊಣಗಿ, ಆಮೇಲೆ ಹದಕ್ಕೆ ಬಂತು. ಕಟ್ಟೆ ಹಿಂದೆ ಸರಿಯಿತು. ಹೆದರಿಕೆಯಾದರೆ ಹೇಳಬೇಕೆಂದು ದರ್ಜಿ ತಿರುಗಿ ಹೇಳಿದ. ಇನ್ನೂ ಜೋರಾಗಿ ಬಿಡು ಎಂದು ಅತ್ತಿಗೆ ಕೈಬೀಸಿದಳು.

ನಡುನೀರಿನಲ್ಲಿ ಗಾಳಿಗೆ ಆಕೆಯ ತುರುಬು ಬಿಚ್ಚಿತು. ದರ್ಜಿಯ ಹೆಂಡತಿ ಕಟ್ಟಲೆಂದು ಕೈ ಚಾಚಿದವಳು ಆ ಅರಳಿದ ಮುಖ ನೋಡಿ ಕೈ ಹಿಂತೆಗೆದಳು. ನರೆಗೂದಲು ಬೆನ್ನ ಹಿಂದೆ, ನೀರಿನ ಮೇಲೆ ಉದ್ದಕ್ಕೆ ಹಾರುತ್ತಿತ್ತು.