ಬಾಗಿದ ಕೋಲು

ಹಗರೆಯ ಬೀಳು ಹೊಲದಲ್ಲಿ ರಮಾ ಹೊಡೆದ ಚೆಂಡು ಮತ್ತೆ ತಗ್ಗಿನಲ್ಲೇ ಹಾರಿ, ಬಲಕ್ಕೆ ಜಾರಿ, ಬೇಲಿಯೊಳಗೆ ಬಿತ್ತು.

"ನಾಳೆನೂ ಹಿಂಗೇ ಆದ್ರೆ ಮುಗೀತು ಕಣೋ," ಎಂದಳು ತಮ್ಮ ಸಿದ್ಧಾರ್ಥನಿಗೆ. "ಕೆರೆ ದಾಟದವಳನ್ನ ಯಾರು ತಂಡಕ್ಕೆ ತಗೋತಾರೆ? ಕೋಲು ನಿಂಗೇ ವಾಪಸ್ ಕೊಟ್ಟುಬಿಡ್ತೀನಿ. ನನ್ನ ತೋಳಲ್ಲೇ ಶಕ್ತಿ ಇಲ್ಲ."

ಬೇಲೂರಿನಾಚೆಯ ಪ್ಲಾಂಟರುಗಳ ಕ್ಲಬ್ಬು ಹೆಂಗಸರ ಗಾಲ್ಫ್ ತಂಡಕ್ಕೆ ಆ ವರ್ಷ ಮೊದಲ ಸಲ ಹೊರಗಿನವರನ್ನೂ ಕರೆದಿತ್ತು. ಮರುದಿನದ ಆಯ್ಕೆಯಲ್ಲಿ ಮೊದಲ ಹೊಡೆತವೇ ಅಲ್ಲಿನ ಕೆರೆಯ ಮೇಲಿಂದ ಹೋಗಬೇಕು. ಅರಸೀಕೆರೆಯ ಹೈಸ್ಕೂಲಿನಲ್ಲಿ ಆಟ ಕಲಿಸುವ ಮೇಡಂ ಆಗಿದ್ದ ರಮಾ ಅಭ್ಯಾಸಕ್ಕೆ ಹೋದಾಗಲೆಲ್ಲ ಚೆಂಡು ನೀರಿಗೇ ಬಿದ್ದಿತ್ತು.

ಸಿದ್ಧಾರ್ಥ ಇನ್ನೊಂದು ಸಲ ಬೀಸು ಎಂದು ಸನ್ನೆ ಮಾಡಿ, ಚೆಂಡನ್ನು ಬಿಟ್ಟು ಕೋಲನ್ನೇ ನೋಡಿದ. ಅಕ್ಕನ ಬೀಸು ಉದ್ದ, ನಿಧಾನ. ಮೇಲೆ ಹೋದ ಕೈ ಅಲ್ಲೊಂದು ಗಳಿಗೆ ಸುಮ್ಮನಿದ್ದು ಇಳಿಯುತ್ತಿತ್ತು. ಆ ಕೈಗೆ ಕೋಲು ಮಣಿಯಲೇ ಇಲ್ಲ.

ಅದರ ಶಾಫ್ಟನ್ನು, ಹಿಡಿಯಿಂದ ಚೆಂಡಿಗೆ ಬಡಿಯುವ ತಲೆಯವರೆಗಿನ ಉಕ್ಕಿನ ಕಡ್ಡಿಯನ್ನು, ಆರಿಸಿದ್ದು ಅಪ್ಪ ಗಿಡ್ಡಯ್ಯ. ಸಿದ್ಧಾರ್ಥ ಬೆಂಗಳೂರಿನಿಂದ ಎರಡು ತಂದಿದ್ದ. ತೆಂಗಿನಕಾಯಿ ಕೀಳುವ ದೋಟಿಗೆ ಬಿದಿರು ನೋಡುವಂತೆ, ಅಪ್ಪ ಎರಡನ್ನೂ ಬುಡದಲ್ಲಿ ಹಿಡಿದು ಅಲುಗಿಸಿ, ತುದಿ ನಡುಗದ್ದನ್ನು ಎತ್ತಿಕೊಟ್ಟಿದ್ದ. ದೋಟಿ ಬಾಗಿದರೆ ಕುಡುಗೋಲು ಗೊನೆಗೆ ಕೂರುವುದಿಲ್ಲ. ಆ ಆಯ್ಕೆಯ ಬಗ್ಗೆ ಮನೆಯಲ್ಲಿ ಯಾರಿಗೂ ಅನುಮಾನ ಬಂದಿರಲಿಲ್ಲ.

ಸಂಜೆ ಸಿದ್ಧಾರ್ಥ ಕೋಲಿನ ಕತ್ತನ್ನು ಕಾಯಿಸಿ, ಅಂಟು ಬಿಡಿಸಿ, ಅಪ್ಪ ಬೇಡವೆಂದು ಅಟ್ಟ ಸೇರಿದ್ದ ಮೆದು ಶಾಫ್ಟನ್ನು ಕೂರಿಸಿದ.

"ಇದೇನ್ಲಾ, ಗಾಳದ ಕಡ್ಡಿ ಮಾಡಿದ್ದೀಯ?" ಎಂದ ಗಿಡ್ಡಯ್ಯ. "ಅಕ್ಕನ್ನ ಕೆರೆ ದಾಟ್ಸು ಅಂದ್ರೆ ಮೀನು ಹಿಡ್ಸಾಕೆ ಹೊಂಟವ್ನೆ!"

"ಸಿಕ್ರೆ ಸಾರು ಮಾಡ್ತೀನಿ ಬಿಡಪ್ಪ," ಎಂದಳು ರಮಾ, ನಗದೆ.

ಅಂಟು ಒಣಗುವಷ್ಟರಲ್ಲಿ ಬೆಳಗಾಗಿ, ಹೊರಡುವ ಹೊತ್ತಾಗಿತ್ತು. ಹೊಡೆದು ನೋಡಲು ಆಗಲಿಲ್ಲ.

ಕ್ಲಬ್ಬಿನ ಕೆರೆಯ ಮುಂದೆ ರಮಾ ಕಾಲೂರಿ ನಿಂತಳು. ಕೈ ಮೇಲೆ ಹೋಯಿತು, ಸುಮ್ಮನಾಯಿತು, ಇಳಿಯಿತು. ಸಿದ್ಧಾರ್ಥನಿಗೆ ಕಂಡಿತು: ಕೈ ಮುಂದೆ ಬಂದಿತ್ತು, ಕೋಲಿನ ತಲೆ ಇನ್ನೂ ಹಿಂದೆಯೇ ಇತ್ತು. ನಡುವಿನ ಉಕ್ಕು ಬಾಗಿತ್ತು. ಇಲ್ಲವೆಂದು ಅವಳು ನಂಬಿಕೊಂಡಿದ್ದ ಬಲವೆಲ್ಲ ಆ ಬಾಗಿನಲ್ಲಿ ಕಣ್ಣಿಗೆ ಕಾಣುವಂತಿತ್ತು. ಆಮೇಲೆ ಬಾಗಿದ್ದು ಬಿಲ್ಲಿನಂತೆ ಪುಟಿದು, ತಲೆ ಬಂದು ಕೈಯನ್ನು ಕೂಡಿಕೊಂಡಿತು.

ಸದ್ದು ಸಣ್ಣದು. ಚೆಂಡು ಏರಿತು, ಏರುತ್ತಲೇ ಇತ್ತು. ಅದರ ನೆರಳು ನೀರಿನ ಮೇಲೆ ಓಡಿ ಆಚೆ ದಡ ಹತ್ತಿತು. ರಮಾ ಬೀಸಿದ ಕೈಯನ್ನು ಇಳಿಸುವುದನ್ನೇ ಮರೆತಿದ್ದಳು.

ಮಕ್ಕಳ ಜೊತೆ ಬಂದಿದ್ದ ಗಿಡ್ಡಯ್ಯ ಯಾರನ್ನೂ ಕೇಳದೆ ಕೆರೆ ಏರಿಯ ಮೇಲೆ ಆಚೆ ದಡಕ್ಕೆ ನಡೆಯತೊಡಗಿದ.

"ಯಜಮಾನ್ರೇ, ಚೆಂಡು ಮುಟ್ಬೇಡಿ!" ಎಂದು ಯಾರೋ ಕೂಗಿದರು.

ಅವನು ಮುಟ್ಟಲಿಲ್ಲ. ಚಪ್ಪಲಿ ಬಿಟ್ಟು, ಕೈ ಹಿಂದೆ ಕಟ್ಟಿ, ಹುಲ್ಲಿನಲ್ಲಿ ಕೂತ ಚೆಂಡಿನ ಪಕ್ಕ ನಿಂತ. ತಿರುಗಿ ನೋಡಿದ. ನೀರಿನಾಚೆ ಮಗಳು ಬೆರಳಷ್ಟು ಕಾಣುತ್ತಿದ್ದಳು.

"ಇಲ್ಲೈತೆ ಕಣವ್ವಾ," ಎಂದ, ಅವಳಿಗೆ ಕೇಳಿಸದಷ್ಟು ಮೆಲ್ಲಗೆ.