ಕದಿರಮ್ಮನ ಬಿಸಿಲುಚುಕ್ಕಿ

“ಮುಂದಿನ ಬೆಳೆಯಿಂದ ಹುಳಕ್ಕೆ ಸೊಪ್ಪು ಹಾಕೋದು ಕೂಲಿಗೆ ಬರೋ ಕೊಂಡಪ್ಪ ನೋಡ್ಕೊಂತಾನೆ. ನೀನು ಆರಾಮಾಗಿ ಇದ್ದುಬಿಡಮ್ಮ.”

ಶನಿವಾರ ಬೆಳಿಗ್ಗೆ ಉಪ್ಪಿಟ್ಟು ತಿಂದು ಕೈ ತೊಳೆಯುತ್ತಾ ರಮೇಶ್‌ಬಾಬು ಈ ಮಾತು ಹೇಳಿದಾಗ ಅವನ ತಾಯಿ ಕದಿರಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬೀಗದ ಕೈಯನ್ನು ಸೆರಗಿನ ಮೇಲಿಂದಲೇ ಒಮ್ಮೆ ಮುಟ್ಟಿಕೊಂಡಳು. ಅದು ರೇಷ್ಮೆ ಹುಳದ ಮನೆಯ ಕೈ. ಮದುವೆಯಾಗಿ ಬಂದ ಮೂರನೆಯ ತಿಂಗಳಿಗೆ ಅತ್ತೆ ಅವಳ ವಶಕ್ಕೆ ಒಪ್ಪಿಸಿದ್ದು. ನಲವತ್ತೆರಡು ವರ್ಷದಲ್ಲಿ ಬೀಗ ಎರಡು ಸಲ ಬದಲಾಗಿತ್ತು, ಸೊಂಟ ಬದಲಾಗಿರಲಿಲ್ಲ.

ಮಗ ಸುಮ್ಮಸುಮ್ಮನೆ ಹೇಳಿದ್ದೂ ಅಲ್ಲ. ಸಂಕ್ರಾಂತಿ ಕಳೆದ ಮೇಲೆ ಕದಿರಮ್ಮನಿಗೆ ಹೊತ್ತುಗೊತ್ತು ತಪ್ಪಿತ್ತು. ಡೈರಿ ಬಾಗಿಲು ತೆಗೆಯುವ ಮೊದಲೇ ಹಾಲಿನ ಕ್ಯಾನು ಹಿಡಿದು ಹೋಗಿ ನಿಲ್ಲುತ್ತಿದ್ದಳು, ಸಾಲದ್ದಕ್ಕೆ ಡೈರಿಯವನನ್ನೇ ಸೋಮಾರಿ ಎಂದು ಬೈಯುತ್ತಿದ್ದಳು. ಎದುರು ಮನೆಯ ಗಂಗುಲಮ್ಮ ಚಿಂತಾಮಣಿಗೆ ಸೀಮಂತಕ್ಕೆಂದು ಹೊರಟು ನಿಂತಾಗ, “ಒಂಬತ್ತೂಕಾಲರ ಬಸ್ಸು ಹೋಯ್ತಲ್ಲೇ, ಗಂಟೆ ಆಗ್ಲೇ ಒಂಬತ್ತೂ ಇಪ್ಪತ್ತು” ಎಂದು ವಾಪಸು ಕಳಿಸಿದ್ದಳು. ಗಂಗುಲಮ್ಮ ರೇಷ್ಮೆ ಸೀರೆ ಬಿಚ್ಚಿ ಮಡಿಸುವಷ್ಟರಲ್ಲಿ ಬಸ್ಸು ಹಾರನ್ ಹೊಡೆದುಕೊಂಡು ಅವಳ ಬಾಗಿಲ ಮುಂದೆಯೇ ಹೋಯಿತು. ಕದಿರಮ್ಮನಿಗೆ ಅರಳುಮರಳು ಎಂಬ ಮಾತು ಆ ಸಂಜೆಯೇ ಊರೆಲ್ಲ ಸುತ್ತಿ ಬಂತು.

ಊರು ಆಡಿಕೊಂಡಿದ್ದು ಅವಳಿಗೆ ಅಷ್ಟು ತಟ್ಟಿರಲಿಲ್ಲ. ತಟ್ಟಿದ್ದು, ತನಗೊಬ್ಬಳಿಗೇ ಗೊತ್ತಿದ್ದ ಇನ್ನೊಂದು ಸಂಗತಿ.

ಹುಳದ ಮನೆಯ ಛಾವಣಿ ಶೀಟಿನಲ್ಲಿ ಒಂದು ಮೊಳೆ ಕಿತ್ತು ಬಂದು ಸಣ್ಣ ತೂತು ಬಿದ್ದಿತ್ತು. ಮುಚ್ಚಿಸಪ್ಪಾ ಎಂದರೆ ರಮೇಶ್‌ಬಾಬು “ನಾಳೆ” ಎಂದಿದ್ದ, ಆ ನಾಳೆ ಇನ್ನೂ ಬಂದಿರಲಿಲ್ಲ. ಆ ತೂತಿನಿಂದ ಅಡಿಕೆಯಷ್ಟಗಲದ ಬಿಸಿಲು ನೆಲಕ್ಕೆ ಬೀಳುತ್ತಿತ್ತು. ಹುಳಕ್ಕೆ ಬಿಸಿಲು ಸೋಕಬಾರದು. ಹೋದ ವರ್ಷ ಮಾರ್ಚ್ ಹದಿನೈದಕ್ಕೆ, ಎಳೆಯ ಚಾಕಿ ಹುಳ ತಂದ ದಿನ, ನಡುಮನೆಯ ಗಡಿಯಾರ ಟಣ್ ಟಣ್ ಎಂದು ಹನ್ನೆರಡು ಹೊಡೆದಾಗ ಕದಿರಮ್ಮ ಆ ಬಿಸಿಲು ಬಿದ್ದ ಕಡೆ, ಬಾಗಿಲಿಗೆ ಬಳಿದು ಉಳಿದಿದ್ದ ಹಸಿರು ಪೇಂಟಿನಲ್ಲಿ ಬೆಂಕಿಕಡ್ಡಿ ಅದ್ದಿ ಒಂದು ಚುಕ್ಕಿ ಇಟ್ಟಳು. ಹುಳದ ತಟ್ಟೆಗಳನ್ನು ಎಲ್ಲಿ ಇಡಬಾರದು ಅನ್ನುವುದಕ್ಕೆ ಅದೊಂದು ಗುರುತು, ಅಷ್ಟೇ. ನಾಲ್ಕು ದಿನ ಬಿಟ್ಟು ನೋಡಿದರೆ ಬಿಸಿಲು ನಾಲ್ಕು ಬೆರಳು ಜರುಗಿತ್ತು. ಅಲ್ಲೊಂದು ಚುಕ್ಕಿ ಇಟ್ಟಳು. ಆಮೇಲೆ ಅದೇ ಚಟವಾಯಿತು. ಹುಳ ಇರಲಿ ಬಿಡಲಿ, ಮೋಡ ಇಲ್ಲದ ದಿನವೆಲ್ಲ ಹನ್ನೆರಡು ಹೊಡೆದರೆ ಒಂದು ಚುಕ್ಕಿ. ಸಾಲು ತೆಂಕಲಿಗೆ ಹೋಯಿತು, ತಿರುಗಿತು, ಧನುರ್ಮಾಸದ ಹೊತ್ತಿಗೆ ಬಡಗಲ ಗೋಡೆಯ ಹತ್ತಿರ ಬಂತು, ಮತ್ತೆ ತಿರುಗಿತು.

ಸಂಕ್ರಾಂತಿಯಾದ ಮೂರನೆಯ ದಿನ ಬಿಸಿಲು ಒಂದೇ ಸಲಕ್ಕೆ ಒಂದು ಗೇಣು ಪಡುವಲಿಗೆ ಹಾರಿ ಕೂತಿತ್ತು. ಕದಿರಮ್ಮ ಕಣ್ಣು ಉಜ್ಜಿಕೊಂಡಳು. ಬಿದ್ದ ಕಡೆ ಚುಕ್ಕಿ ಇಡುವುದನ್ನು ಬಿಡಲಿಲ್ಲ, ಆದರೆ ಯಾರಿಗೂ ಬಾಯಿ ಬಿಡಲಿಲ್ಲ. ಸೂರ್ಯ ಕುಪ್ಪಳಿಸುವವನಲ್ಲ. ಕುಪ್ಪಳಿಸಿದ್ದು ತನ್ನ ತಲೆಯೇ ಇರಬೇಕು.

ನಾಳೆ ಭಾನುವಾರ, ಮಾರ್ಚ್ ಹದಿನೈದು. ಮೊದಲ ಚುಕ್ಕಿಗೆ ಸರಿಯಾಗಿ ಒಂದು ವರ್ಷ. ಹಾರಿದ ಬಿಸಿಲು ವರ್ಷ ತುಂಬಿದ ದಿನವಾದರೂ ತನ್ನ ಜಾಗಕ್ಕೆ ಬಂದೀತೇ? ಬಿಸಿಲು ಬಂದು ಅದರ ಮೇಲೆ ಕೂತರೆ ಬೀಗದ ಕೈ ತನ್ನ ಸೊಂಟದಲ್ಲೇ ಇರಲಿ. ಕೂರದಿದ್ದರೆ ಕೊಂಡಪ್ಪನನ್ನು ಕರೆದು ತಾನೇ ಕೊಟ್ಟುಬಿಡುವುದು. ಹೀಗೆಂದು ಅವಳು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು.

ಭಾನುವಾರ ಹನ್ನೆರಡಕ್ಕೆ ಇನ್ನು ಐದು ನಿಮಿಷ ಅನ್ನುವಾಗ ಹುಳದ ಮನೆಯ ಬಾಗಿಲಲ್ಲಿ ನೆರಳಾಡಿತು. ಹೊರಕೋಣೆಯಲ್ಲಿ ಬಾಡಿಗೆಗಿದ್ದ ಸಂಘಮಿತ್ರ, ಹೈಸ್ಕೂಲಿನ ವಿಜ್ಞಾನದ ಟೀಚರು. ಮೊದಮೊದಲು ಕದಿರಮ್ಮ ಆಕೆಯನ್ನು ಜಾತಿಯಿಂದ ಹಿಡಿದು ಕೇಳಬಾರದ್ದನ್ನೆಲ್ಲ ಕೇಳಿದ್ದಳು. ಆಕೆ ನಗುನಗುತ್ತಲೇ ಒಂದಕ್ಕೂ ತಲೆ ತಗ್ಗಿಸದೆ ಉತ್ತರ ಕೊಟ್ಟಿದ್ದಳು. ಈಗ ಇಬ್ಬರ ನಡುವೆ ಸಾರಿನ ಬಟ್ಟಲು ಹೋಗಿ ಬರುತ್ತಿತ್ತು.

“ಅಜ್ಜಿ, ನಿಮ್ಮ ಬಟ್ಟಲು ತಂದೆ. ಒಳಗೆ ಬರಬಹುದಾ?”

“ಈಗ ಹುಳದ ಬೆಳೆ ಇಲ್ಲ, ಬಾರಮ್ಮ. ಸುಣ್ಣದ ಪುಡಿ ತುಳ್ಕೊಂಡು ಬಾ, ಹುಳಕ್ಕೆ ಸೋಂಕು ತಗಲಬಾರ್ದು. ಖಾಲಿ ಇದ್ರೂ ಕಟ್ಟಳೆ ಕಟ್ಟಳೇನೇ.”

ಸಂಘಮಿತ್ರ ಪುಡಿ ತುಳಿದು ಎರಡು ಹೆಜ್ಜೆ ಇಟ್ಟವಳು ನೆಲ ನೋಡಿ ನಿಂತುಬಿಟ್ಟಳು. “ಅಜ್ಜಿ! ಇದನ್ನ ಯಾರು ಮಾಡಿದ್ದು?”

“ಇನ್ಯಾರು, ನಾನೇ. ಯಾಕೆ, ನೆಲ ಹಾಳಾಯ್ತು ಅಂತೀಯಾ?”

“ಇದು ಎಂಟರ ಆಕಾರಕ್ಕೆ ಬರುತ್ತೆ ಗೊತ್ತಾ? ಇಂಗ್ಲಿಷ್ ಎಂಟು. ವರ್ಷ ಪೂರ್ತಿ ಒಂದೇ ಗಂಟೆಗೆ ಗುರುತು ಮಾಡಿದ್ರೆ ಸೂರ್ಯ ಎಂಟು ಬರೀತಾನೆ.”

ಕದಿರಮ್ಮ ನಕ್ಕಳು. “ನಮ್ಮ ಹುಳಾನೂ ಗೂಡು ಕಟ್ಟೋವಾಗ ತಲೆ ಹಿಂಗೇ ಎಂಟೆಂಟು ಆಡಿಸ್ತದೆ. ಅದಕ್ಯಾರು ಕಲ್ಸಿದ್ರೋ, ಇವನಿಗ್ಯಾರು ಕಲ್ಸಿದ್ರೋ.”

“ಸೂರ್ಯ ಆಡಿಸೋದಲ್ಲ ಅಜ್ಜಿ, ನಾವು ಕೂತಿರೋ ಭೂಮಿ ಆಡೋದು. ಬಸ್ಸಲ್ಲಿ ಕೂತಾಗ ಮರ ಹಿಂದಕ್ಕೆ ಓಡಿದಂಗೆ ಕಾಣಲ್ವಾ? ನಕ್ಷತ್ರ ತಿರುಗೋದೂ ಹಂಗೇ, ತಿರುಗೋದು ನಮ್ಮ ನೆಲ ಅಂತ ಆರ್ಯಭಟ ಸಾವಿರದೈನೂರು ವರ್ಷದ ಹಿಂದೇನೇ ಹೇಳ್ದ. ಜನ ನಂಬಲಿಲ್ಲ.”

“ಹೆಂಗೆ ನಂಬ್ತಾರೆ? ನೆಲ ತಿರುಗಿದ್ರೆ ನನ್ನ ಸೊಪ್ಪಿನ ಮಂಕರಿ ಉರುಳಲ್ವಾ ಅಂತ ನಾನೂ ಕೇಳ್ತಿದ್ದೆ.”

ನಡುಮನೆಯಲ್ಲಿ ಗಡಿಯಾರ ಹೊಡೆಯತೊಡಗಿತು. ಕದಿರಮ್ಮನ ನಗು ಅಲ್ಲಿಗೆ ನಿಂತಿತು. ಮೊಣಕಾಲೂರಿ ಕೂತು ನೋಡಿದಳು. ಬಿಸಿಲು ಮೊದಲ ಚುಕ್ಕಿಯಿಂದ ಒಂದು ಗೇಣು ಪಡುವಲಿಗೆ ಬಿದ್ದಿತ್ತು. ಹನ್ನೆರಡನೆಯ ಹೊಡೆತವೂ ಮುಗಿಯಿತು. ಬೆಂಕಿಕಡ್ಡಿ ಹಿಡಿದ ಕೈ ತೊಡೆಯ ಮೇಲೆ ಹಾಗೇ ಬಿತ್ತು.

“ಏನಾಯ್ತಜ್ಜಿ?”

“ಏನಿಲ್ಲ. ತಲೆ ಹೋಗೈತೆ ಅಂತ ಎಲ್ರೂ ಅಂತಿದ್ರು. ಈಗ ನೆಲಾನೂ ಹೇಳ್ತು.” ಆಮೇಲೆ ಒಂದೊಂದಾಗಿ ಎಲ್ಲ ಹೇಳಿದಳು. ಡೈರಿ, ಗಂಗುಲಮ್ಮನ ಬಸ್ಸು, ಸಂಕ್ರಾಂತಿಯ ಮೂರನೆಯ ದಿನದ ಗೇಣು, ಕೊಂಡಪ್ಪ, ಬೀಗದ ಕೈ.

ಸಂಘಮಿತ್ರ ಅಯ್ಯೋ ಪಾಪ ಎನ್ನಲಿಲ್ಲ. ಚುಕ್ಕಿಗಳ ಪಕ್ಕದಲ್ಲಿ ಕೂತು ಬೆರಳಿನಿಂದ ಅಳೆದಳು. “ತಲೆ ಕೆಟ್ಟವರ ಚುಕ್ಕಿ ಚೆಲ್ಲಾಪಿಲ್ಲಿ ಇರುತ್ತೆ ಅಜ್ಜಿ. ಇಲ್ಲಿ ನೋಡಿ, ಹಾರಿದ ಮೇಲೂ ದಾರ ಹಿಡಿದಂಗೆ ಸಾಲಾಗೇ ಇದೆ. ನಿಮಗೊಂದು ಕಥೆ ಹೇಳ್ತೀನಿ, ನಿಜವಾಗ್ಲೂ ನಡೆದದ್ದು. ದೂರದ ದೇಶದಲ್ಲಿ ಟೈಕೋ ಅಂತ ಒಬ್ಬ ಇದ್ದ. ದುರ್ಬೀನು ಇನ್ನೂ ಬಂದಿರಲಿಲ್ಲ. ಬರೀ ಕಣ್ಣಲ್ಲಿ ಇಪ್ಪತ್ತು ವರ್ಷ ಗ್ರಹಗಳನ್ನ ನೋಡಿ ನೋಡಿ ಬರೆದಿಟ್ಟ.”

“ನನ್ನಂಗೇ ಕೆಲಸ ಇರಲಿಲ್ಲ ಅನ್ನು.”

“ಅವನು ಸತ್ತ. ಆ ಲೆಕ್ಕ ಕೆಪ್ಲರ್ ಅನ್ನೋನ ಕೈಗೆ ಬಂತು. ಗ್ರಹಗಳು ದುಂಡಗೆ ಸುತ್ತುತ್ತವೆ ಅಂತ ಎರಡು ಸಾವಿರ ವರ್ಷದಿಂದ ದೊಡ್ಡದೊಡ್ಡೋರೆಲ್ಲ ಹೇಳಿದ್ರು. ಇವನು ಹಂಗೇ ಗುಣಿಸಿ ನೋಡಿದ್ರೆ ಮಂಗಳ ಗ್ರಹ ಒಂಚೂರು ತಪ್ಪು. ಎಷ್ಟು? ಹುಣ್ಣಿಮೆ ಚಂದ್ರನ ಅಗಲದಲ್ಲಿ ಕಾಲು ಭಾಗ. ಸತ್ತೋನ ಕಣ್ಣು ಮಂಜಾಗಿತ್ತು ಅಂದುಬಿಟ್ಟಿದ್ರೆ ಮುಗೀತಿತ್ತು. ಅವನು ಅನ್ನಲಿಲ್ಲ. ಟೈಕೋ ಅಷ್ಟು ತಪ್ಪು ನೋಡೋನಲ್ಲ ಅಂದ. ಕಣ್ಣು ಸರಿ ಇದ್ರೆ ತಪ್ಪಿರೋದು ಬೇರೆ ಎಲ್ಲೋ ಅಂತ ವರ್ಷಗಟ್ಟಲೆ ಹುಡುಕಿದ. ಕೊನೆಗೆ ಆ ದುಂಡನ್ನೇ ಎತ್ತಿ ಬಿಸಾಕಿದ. ದಾರಿ ಎರಡು ಕಡೆ ಒತ್ತಿದ ಬಳೆ ಥರ ಒಂಚೂರು ಉದ್ದ ಅಂತ ಆಗ ಗೊತ್ತಾಯ್ತು.”

“ನೋಡಿದೋನ ಕಣ್ಣನ್ನ ನಂಬಿದ,” ಎಂದಳು ಕದಿರಮ್ಮ, ಮೆಲ್ಲಗೆ.

“ಹೂಂ. ಅದಕ್ಕೇ ಆಕಾಶ ಬದಲಾಯ್ತು.”

ಕದಿರಮ್ಮ ತಲೆಯೆತ್ತಿ ಮೇಲೆ ನೋಡಿದಳು. ತನ್ನ ಕಣ್ಣು ಸರಿ ಇದೆ ಎಂದಿಟ್ಟುಕೊಂಡರೆ? ಶೀಟಿನ ತೂತು ಜರುಗಿಲ್ಲ, ತುಕ್ಕು ಹಿಡಿದ ಅದೇ ಅಂಚು. ನೆಲ ಜರುಗಿಲ್ಲ. ಹಾಗಾದರೆ ಉಳಿದದ್ದು ಏನು? ಯೋಚಿಸುತ್ತಾ ನೆಲದತ್ತ ಬಗ್ಗಿದಳು. ಮಾತಿನ ನಡುವೆ ಬಿಸಿಲು ತೆವಳಿಕೊಂಡು ಮೂಡಲಿಗೆ ಬಂದಿತ್ತು. ನಾಲ್ಕು ಬೆರಳು ದೂರ. ಎರಡು ಬೆರಳು. ಅಂಚು ತಾಗಿತು. ಮೊದಲ ಚುಕ್ಕಿಯ ಮೇಲೆ, ಹಣೆಗೆ ಕುಂಕುಮ ಇಟ್ಟ ಹಾಗೆ, ಪೂರಾ ಕೂತಿತು.

“ಟೀಚರಮ್ಮ, ನಿನ್ನ ಫೋನಲ್ಲಿ ಗಂಟೆ ಎಷ್ಟು?”

“ಹನ್ನೆರಡು.”

“ಸರಿಯಾಗಿ?”

“ಸರಿಯಾಗಿ ಹನ್ನೆರಡು.”

“ನಮ್ಮ ಗಡಿಯಾರ ಹನ್ನೆರಡು ಹೊಡೆದು ನೀನೊಂದು ಪೂರಾ ಕಥೆ ಹೇಳಿ ಮುಗಿಸಿದ್ದೀಯ.”

ಸಂಘಮಿತ್ರ ನಡುಮನೆಗೆ ಓಡಿಹೋಗಿ ನೋಡಿ ಬಂದಳು. “ಹದಿನೈದು ನಿಮಿಷ ಮುಂದಿದೆ ಅಜ್ಜಿ!”

ಕದಿರಮ್ಮ ಬಿದ್ದು ಬಿದ್ದು ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಅವಳಿಗೆ ಇನ್ನೊಂದು ಹೊಳೆಯಿತು. ಸಂಕ್ರಾಂತಿಯ ಮೂರನೆಯ ದಿನವೇ ಸೊಸೆ ಶೋಭಾರಾಣಿ ಚಿಕ್ಕಬಳ್ಳಾಪುರದ ಕನ್ನಡಕದ ಅಂಗಡಿಗೆ ಕೆಲಸಕ್ಕೆ ಸೇರಿದ್ದು. ಬೆಳಗಿನ ಬಸ್ಸು ತಪ್ಪಿದರೆ ಮುಂದಿನದು ಒಂದೂವರೆ ಗಂಟೆ ಕಳೆದ ಮೇಲೆ. ಕದಿರಮ್ಮ ತುಟಿ ಬಿಗಿ ಮಾಡಿಕೊಂಡಳು.

ನಗು ಕೇಳಿ ಅಂಗಳದಿಂದ ರಮೇಶ್‌ಬಾಬು ಬಂದ, ಒಲೆ ಸಣ್ಣ ಮಾಡಿ ಶೋಭಾರಾಣಿಯೂ ಬಂದಳು. ಸಂಘಮಿತ್ರ ಚುಕ್ಕಿ ತೋರಿಸಿ ವಿಷಯ ಹೇಳಿದಳು. ರಮೇಶ್‌ಬಾಬು ತನ್ನ ಮೊಬೈಲು ನೋಡಿದ, ನಡುಮನೆಗೆ ಹೋಗಿ ಗಡಿಯಾರ ನೋಡಿದ, ವಾಪಸು ಬಂದು ಮತ್ತೆ ಮೊಬೈಲು ನೋಡಿದ. “ಇದನ್ನ ಯಾರು ತಿರುಗ್ಸಿದ್ದು?”

“ಹಳೇ ಗಡಿಯಾರ ಕಣೋ,” ಎಂದಳು ಕದಿರಮ್ಮ, “ಅದೇ ಓಡೈತೆ ಮುಂದಕ್ಕೆ. ಪೋನೀಲೇ, ಹೋಗ್ಲಿ ಬಿಡು.”

ಟೀಚರು ನೆಲ ನೋಡಿದಳು. ತಾನಾಗಿ ಓಡುವ ಗಡಿಯಾರ ದಿನಾ ಚೂರುಚೂರು ಜರುಗೀತು, ಬಿಸಿಲನ್ನು ಒಂದೇ ಸಲಕ್ಕೆ ಗೇಣು ಹಾರಿಸದು.

“ಇಲ್ಲ ಅತ್ತೆ, ನಾನೇ ತಿರುಗ್ಸಿದ್ದು,” ಎಂದಳು ಶೋಭಾರಾಣಿ. ಕಣ್ಣಲ್ಲಿ ನೀರು ಇಳಿಯುತ್ತಿತ್ತು. “ಬಸ್ಸು ತಪ್ಪಬಾರದು ಅಂತ. ಯಾರಿಗಾದ್ರೂ ಹೇಳಿದ್ರೆ, ಬಿಡು ಹದಿನೈದು ನಿಮಿಷ ಮುಂದೈತೆ ಅಂತ ಎಲ್ರೂ ಅಂತಾರೆ, ನಾನೂ ನಿಧಾನ ಆಗ್ಬಿಡ್ತೀನಿ ಅಂತ ಹೇಳ್ಲಿಲ್ಲ. ನೀವು ಗಡಿಯಾರ ನೋಡ್ತೀರಿ ಅಂತಾನೇ ನಾನು ಅಂದ್ಕೊಂಡಿರಲಿಲ್ಲ ಅತ್ತೆ. ನಿಮಗೆ ಬಿಸಿಲೇ ಗಡಿಯಾರ ಅಂದ್ಕೊಂಡಿದ್ದೆ.”

“ಎರಡು ತಿಂಗಳು! ಅಮ್ಮನ್ನ ಊರೆಲ್ಲ ಅರಳುಮರಳು ಅನ್ನೋ ಹಂಗೆ ಮಾಡಿಬಿಟ್ಟೆಯಲ್ಲೇ!” ರಮೇಶ್‌ಬಾಬು ದನಿ ಏರಿಸಿದ.

“ನೀನೇನ್ ಕಮ್ಮಿ ಮಾಡ್ದೆ?” ಕದಿರಮ್ಮ ತಟ್ಟನೆ ಅಂದಳು. “ಮೊಬೈಲ್ ಬಂದ ಮೇಲೆ ಒಂದು ದಿನ ಗೋಡೆ ಕಡೆ ಕತ್ತೆತ್ತಿ ನೋಡಿದ್ದೀಯಾ? ಅಮ್ಮನ ತಲೆ ಕೆಟ್ಟೈತೆ ಅನ್ನೋದು ಸಲೀಸು, ಗಡಿಯಾರ ಕೆಟ್ಟೈತಾ ಅಂತ ನೋಡೋದು ಕಷ್ಟ.”

ರಮೇಶ್‌ಬಾಬು ತಲೆ ಕೆರೆದುಕೊಂಡ. ಗಡಿಯಾರ ಸರಿ ಮಾಡುತ್ತೇನೆಂದು ಹೊರಟವನನ್ನು ಕದಿರಮ್ಮನೇ ತಡೆದಳು. “ಹಂಗೇ ಇರ್ಲಿ ಬಿಡು, ಅವಳಿಗೆ ಬಸ್ಸು ಸಿಗ್ಲಿ. ಎಷ್ಟು ಮುಂದೆ ಅಂತ ನನಗೆ ಗೊತ್ತಾಯ್ತಲ್ಲ, ಸಾಕು. ಗಂಗುಲಮ್ಮಗೆ ಮಾತ್ರ ನೀನೇ ಹೋಗಿ ಹೇಳ್ಬೇಕಮ್ಮ ಶೋಭ, ಬೈಸ್ಕೊಂಡು ಬಾ.” ಶೋಭಾರಾಣಿ ಅಳುತ್ತಿದ್ದವಳು ನಕ್ಕುಬಿಟ್ಟಳು.

“ಈ ತಪ್ಪು ಸಾಲನ್ನ ಅಳಿಸಿಬಿಡಣ್ವಾ ಅಜ್ಜಿ? ಎಂಟು ಚೆನ್ನಾಗಿ ಕಾಣುತ್ತೆ,” ಎಂದಳು ಸಂಘಮಿತ್ರ, ಬೇಕೆಂದೇ.

“ಯಾಕೆ ಅಳಿಸ್ತೀಯ? ಅವತ್ತು ಬಿಸಿಲು ಬಿದ್ದಿದ್ದು ಅಲ್ಲೇ ತಾನೇ?” ಕದಿರಮ್ಮ ಬೆಂಕಿಕಡ್ಡಿಯನ್ನು ಪೇಂಟಿಗೆ ಅದ್ದಿ ಮೊದಲ ಚುಕ್ಕಿಯ ಮೇಲೇ ಇನ್ನೊಂದು ಚುಕ್ಕಿ ಇಟ್ಟಳು.

ರಮೇಶ್‌ಬಾಬು ಹೋಗದೆ ಅಲ್ಲೇ ನಿಂತಿದ್ದ. ಸ್ವಲ್ಪ ಹೊತ್ತಿಗೆ ಪಂಚೆ ಎತ್ತಿ ಕಟ್ಟಿ ತಾಯಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ.

“ನಾಳೆ ಎಲ್ಲಿ ಬೀಳ್ತದಮ್ಮ?”

ಕದಿರಮ್ಮ ಲೆಕ್ಕ ಹಾಕಲಿಲ್ಲ. ಚುಕ್ಕಿಯಿಂದ ಒಂದು ಬೆರಳು ತೆಂಕಲಿಗೆ, ಬರಿ ನೆಲದ ಮೇಲೆ ಬೆರಳಿಟ್ಟಳು.

ಅವನು ಆ ಜಾಗವನ್ನೇ ನೋಡುತ್ತಾ ಕೇಳಿದ, “ಚಾಕಿ ಹುಳ ಯಾವತ್ತಿಗೆ ಹೇಳ್ಲಿ?”

“ಗುರುವಾರಕ್ಕೆ ಹೇಳು,” ಎಂದಳು ಕದಿರಮ್ಮ. ಏಳುವಾಗ ಅವನ ಹೆಗಲು ಹಿಡಿದು ಎದ್ದಳು. ಸೊಂಟದಲ್ಲಿದ್ದ ಬೀಗದ ಕೈ ಸದ್ದು ಮಾಡಿತು.