ಹತ್ತಕ್ಕೆ ನಾಲ್ಕು

ಹೆರಿಗೆ ನೋವಿಗೆ ಏನು ಉಪಾಯ ಮಾಡುವುದು ಎಂದು ಆ ಮನೆಯಲ್ಲಿ ಮೂರು ವಾರದಿಂದ ಚರ್ಚೆ ನಡೆದಿತ್ತು. ನೋವು ತಿನ್ನಬೇಕಾದವಳೊಬ್ಬಳನ್ನು ಬಿಟ್ಟು ಮಿಕ್ಕವರಿಗೆಲ್ಲ ಖಚಿತವಾದ ಅಭಿಪ್ರಾಯಗಳಿದ್ದವು. ಅವಳಿಗೆ ಬೇಕಾಗಿದ್ದದ್ದು ನಿದ್ದೆ. ಎಂಟೂವರೆ ತಿಂಗಳು ತುಂಬುವವರೆಗೂ ಕೆಲಸಕ್ಕೆ ಹೋಗಿ ಬಂದವಳಿಗೆ ಕುರ್ಚಿಯಲ್ಲಿ ಕೂತರೂ ಕಣ್ಣು ಎಳೆಯುತ್ತಿತ್ತು.

ಅವಳ ಕೆಲಸ ಆಂಬುಲೆನ್ಸ್ ಕರೆ ಕೇಂದ್ರದಲ್ಲಿ ಫೋನ್ ಎತ್ತುವುದು. ಎಲ್ಲಿದ್ದೀರಿ, ಏನಾಗಿದೆ, ಉಸಿರಾಡಲು ಆಗುತ್ತಿದೆಯಾ, ನೋವು ಹತ್ತಕ್ಕೆಷ್ಟು. ಏಳು ದಾಟಿದರೆ ಗಾಡಿ ಆ ಕ್ಷಣಕ್ಕೆ ಹೊರಡುತ್ತದೆ, ಅದಕ್ಕಿಂತ ಕಡಿಮೆಯಾದರೆ ಸಾಲಿನಲ್ಲಿ ಕಾಯಬೇಕು. ಈ ಪ್ರಶ್ನೆಯನ್ನು ಅವಳು ತರಕಾರಿಯ ಬೆಲೆ ಕೇಳಿದಷ್ಟು ಸಲೀಸಾಗಿ ಕೇಳುತ್ತಿದ್ದಳಾದ್ದರಿಂದ ಜೊತೆಯವರು ಅವಳಿಗೆ ‘ಹತ್ತಕ್ಕೆಷ್ಟು’ ಎಂದೇ ಹೆಸರಿಟ್ಟಿದ್ದರು. ಎಂಟು ವರ್ಷದ ಅನುಭವ ಅವಳಿಗೆ ಕಳೆಯುವುದನ್ನು ಕಲಿಸಿತ್ತು. ಬೆರಳು ಕೊಯ್ದುಕೊಂಡವನೂ ಹತ್ತು ಅನ್ನುತ್ತಾನೆ. ಇವಳು ಮನಸ್ಸಿನಲ್ಲೇ ಐದು ಕಳೆದು ಟೈಪು ಮಾಡುತ್ತಾಳೆ.

ಎಲ್ಲಿ ಕೂಡಿಸಿಕೊಳ್ಳಬೇಕೆಂದು ಮಾತ್ರ ಯಾರೂ ಕಲಿಸಿರಲಿಲ್ಲ. ಮೂರು ವರ್ಷದ ಹಿಂದೆ ಒಬ್ಬ ಮುದುಕ ಬೆನ್ನುನೋವು ಅಂತ ಫೋನ್ ಮಾಡಿದ್ದ. ಹತ್ತಕ್ಕೆಷ್ಟು ಎಂದು ಕೇಳಿದ್ದಕ್ಕೆ, “ಮೂರು ಇರಬಹುದು ಕಣಮ್ಮ, ನಿಮಗೆ ತೊಂದರೆ ಕೊಟ್ಟೆ” ಅಂದ. ಇವಳು ಮೂರು ಒತ್ತಿದಳು. ಗಾಡಿ ಹೋಗಿದ್ದು ಐವತ್ತು ನಿಮಿಷದ ಮೇಲೆ, ಅಷ್ಟರಲ್ಲಿ ಮುಗಿದುಹೋಗಿತ್ತು. ನಿಯಮದ ಪ್ರಕಾರವೇ ನಡೆದಿದೆ ಎಂದು ಮೇಲಿನವರು ಬರೆದುಕೊಟ್ಟರು. ಆದರೆ ವಿಚಾರಣೆಯ ದಿನ ಆ ಕರೆಯನ್ನು ಅವಳಿಗೆ ಮತ್ತೆ ಕೇಳಿಸಿದ್ದರು. ಮೂರು ಎಂದಾದ ಮೇಲೆ ಮುದುಕ ಒಂದು ಉಸಿರು ಎಳೆದುಕೊಂಡಿದ್ದ, ಇನ್ನೇನೋ ಹೇಳಲು. ಅಷ್ಟರಲ್ಲಿ ಇವಳ ದನಿ ನುಗ್ಗಿ ಮುಂದಿನ ಪ್ರಶ್ನೆ ಕೇಳಿತ್ತು. ಇದನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

ಸೂಲಗಿತ್ತಿ ಅಡುಗೆಮನೆಯ ಮೇಜಿನ ಮುಂದೆ ಕೂತು ಉಪಾಯಗಳನ್ನು ಬರೆದ ಕಾಗದ ಬಿಡಿಸಿದರು. ಕೋರ್ಸು ಮಾಡಿ ಪರವಾನಗಿ ಪಡೆದವರು, ಇಪ್ಪತ್ತು ವರ್ಷದಿಂದ ಮನೆ ಮನೆಗೆ ಹೋಗಿ ಹೆರಿಗೆ ಮಾಡಿಸುತ್ತಿದ್ದವರು, ನಾಲ್ಕು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಿದ್ದರು.

“ಬೆನ್ನಿಗೆ ಅಂಟಿಸೋ ಕರೆಂಟಿನ ಪಟ್ಟಿ ಇದೆಯಲ್ಲ, ಶುರುವಿನಲ್ಲಿ ಅದು ಸಾಕು. ಜುಮುಜುಮು ಅನ್ನುತ್ತೆ, ಅಷ್ಟೆ. ಆದರೆ ಅದನ್ನ ಹಾಕ್ಕೊಂಡು ನೀರಿಗೆ ಇಳಿಯೋ ಹಾಗಿಲ್ಲ.”

“ನೀರು ನನ್ನ ಜವಾಬ್ದಾರಿ” ಎಂದ ಗಂಡ. ಅವನು ಪ್ಲಂಬರ್. ಗಾಳಿ ತುಂಬಿಸುವ ದೊಡ್ಡ ಟಬ್ಬೊಂದನ್ನು ಬಾಡಿಗೆಗೆ ತಂದು ನಡುಮನೆಯಲ್ಲಿ ಊದಿಟ್ಟಿದ್ದ. ಅದರ ಸುತ್ತ ಅವನು ಓಡಾಡುವುದನ್ನು ನೋಡಿದರೆ ಹೆರುವವನು ತಾನೇ ಎಂಬಂತಿತ್ತು. ಊರಿಗೆಲ್ಲ ಬಿಸಿನೀರು ಹರಿಸುವವನ ಮನೆಯ ಗೀಸರ್ ಮಾತ್ರ ಇಪ್ಪತ್ತೈದು ಲೀಟರಿನದು. ಒಲೆಯ ಮೇಲೆ ಎರಡು ಪಾತ್ರೆ ಇಟ್ಟುಕೊಂಡರೂ ಟಬ್ ತುಂಬಲು ಒಂದು ಗಂಟೆ ಬೇಕೆಂದು ಗಡಿಯಾರ ಹಿಡಿದು ಪರೀಕ್ಷೆ ಮಾಡಿದ್ದ.

“ಆಮೇಲೆ ನೋವು ಮಂಕಾಗಿಸೋ ಗ್ಯಾಸು” ಎಂದರು ಸೂಲಗಿತ್ತಿ. “ನೋವು ಏರುವಾಗ ಮೂತಿಗೆ ಹಿಡಿದು ಎಳೆದುಕೊಳ್ಳೋದು. ತಲೆ ತೇಲುತ್ತೆ, ಬಿಟ್ಟರೆ ಎರಡು ನಿಮಿಷದಲ್ಲಿ ಇಳಿಯುತ್ತೆ. ಸಿಲಿಂಡರ್ ನನ್ನ ಕಾರಲ್ಲೇ ಇರುತ್ತೆ. ಅದಕ್ಕೂ ಬಗ್ಗದಿದ್ದರೆ ಮಂಪರು ಬರಿಸೋ ಸೂಜಿ.”

“ಸೂಜಿ ಬೇಡ” ಎಂದಳು ಅವಳು. ಮೂರು ವಾರದಲ್ಲಿ ಅವಳು ಒಂದೇ ಉಸಿರಿಗೆ ಹೇಳಿದ ಮಾತು ಇದೊಂದೇ.

ಮೊದಲನೇ ಹೆರಿಗೆ ಆಸ್ಪತ್ರೆಯಲ್ಲಾಗಿತ್ತು. ಸೂಜಿ ಹಾಕಿದ್ದರು. ಆ ಮಂಪರಿನಲ್ಲಿ ಅವಳಿಗೆ ಮಗಳ ಮೊದಲ ಅಳು ಕೇಳಿಸಲಿಲ್ಲ. ಕೈಗೆ ಕೊಟ್ಟಾಗ ನೀನು ನಕ್ಕೆ ಎಂದು ಗಂಡ ಹೇಳುತ್ತಾನೆ, ಅವಳಿಗೆ ನೆನಪಿಲ್ಲ. ನಾಲ್ಕು ವರ್ಷದ ಮಗಳು ಪ್ರತಿ ಸಲ ‘ನಾನು ಹುಟ್ಟಿದಾಗ ಹೇಗೆ ಅಳ್ತಿದ್ದೆ ಅಮ್ಮಾ’ ಎಂದು ಕೇಳಿದಾಗಲೂ ಇವಳು ಯಾವುದೋ ಒಂದು ಅಳುವನ್ನು ಕಟ್ಟಿ ತೋರಿಸುತ್ತಾಳೆ. ಈ ಸಲ ಕೇಳಿಸಿಕೊಳ್ಳಲೇಬೇಕು. ಮನೆಯಲ್ಲಿ ಹೆರುತ್ತೇನೆ ಎಂದು ಹಟ ಹಿಡಿದದ್ದು ಅದೊಂದಕ್ಕೇ. ಜೊತೆಗೇ ಒಳಗೊಂದು ಅಳುಕೂ ಇತ್ತು. ಇಷ್ಟು ದಣಿದ ಮೈಯಿಂದ ತಡೆದುಕೊಳ್ಳಲು ಆಗದಿದ್ದರೆ, ತನ್ನ ಕೇಂದ್ರದ ಗಾಡಿಯೇ ಬಂದು ತನ್ನನ್ನು ಮೆಟ್ಟಿಲಿಳಿಸಿ, ಬೆನ್ನುಹುರಿಗೆ ಮದ್ದು ಕೊಡುವ ಆಸ್ಪತ್ರೆಗೆ ಒಯ್ಯಬೇಕಾಗುತ್ತದೆ.

“ಏನೂ ಬೇಡ. ನಾನು ಮೂರು ಹೆತ್ತೆ, ಹಲ್ಲುಕಚ್ಚಿಕೊಂಡು ಹೆತ್ತೆ” ಎಂದರು ಅತ್ತೆ, ಬಟ್ಟೆ ಮಡಿಸುತ್ತಲೇ. ಈ ಮಾತನ್ನು ಅವರು ಆ ವಾರದಲ್ಲೇ ಏಳೆಂಟು ಸಲ ಹೇಳಿದ್ದರು.

ಕೊನೆಗೆ ಒಪ್ಪಂದವಾಯಿತು. ಅವಳು ಐದು ಅಂದಾಗ ಟಬ್ಬಿಗೆ ನೀರು, ಏಳು ಅಂದಾಗ ಗ್ಯಾಸು. ಸೂಜಿಯ ಮೇಲೆ ಅವಳು ಪೆನ್ನಿನಿಂದ ಗೀಟು ಎಳೆದಳು. “ಗೀಟು ಎಳಿಬೇಡಮ್ಮಾ, ಹೊತ್ತು ಬಂದಾಗ ನೀನೇ ಬೇಡಿಕೊಳ್ಳಬಹುದು” ಎಂದು ಸೂಲಗಿತ್ತಿ ಹೇಳಿ, ಮೊಣಕಾಲು ಒತ್ತಿಕೊಳ್ಳುತ್ತ ಎದ್ದರು.

ನೋವು ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ, ಮಗಳಿಗೆ ಜಡೆ ಹಾಕುವಾಗ. ಮಗಳನ್ನು ಪಕ್ಕದ ಮನೆಗೆ ಕಳಿಸಿದರು. ಹತ್ತು ಗಂಟೆಗೆ ಸೂಲಗಿತ್ತಿ ಬಂದು ಪರೀಕ್ಷೆ ಮಾಡಿ, ಇನ್ನೂ ಹೊತ್ತಿದೆ ಎಂದು ಬೆನ್ನಿಗೆ ಪಟ್ಟಿ ಅಂಟಿಸಿದರು. ಅರ್ಧ ಗಂಟೆಗೊಮ್ಮೆ ಕೇಳಿದರು.

“ಹತ್ತಕ್ಕೆಷ್ಟು?”

“ನಾಲ್ಕು.”

ಅವಳು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡಿರಲಿಲ್ಲ. ಲೆಕ್ಕ ಹಾಕುತ್ತಿದ್ದಳು. ಹತ್ತು ಎಂದರೆ ಲಾರಿಯ ಅಡಿ ಕಾಲು ಸಿಕ್ಕಿಸಿಕೊಂಡವನು. ಎಂಟು ಎಂದರೆ ಕುದಿಯುವ ಎಣ್ಣೆ ಚೆಲ್ಲಿಕೊಂಡ ಹೋಟೆಲಿನವಳು. ತಾನು ಕೂತಿದ್ದೇನೆ, ಮಾತಾಡುತ್ತಿದ್ದೇನೆ, ಹಾಗಾದರೆ ಇದು ನಾಲ್ಕೇ. ಹನ್ನೊಂದಕ್ಕೆ ನಾಲ್ಕು, ಹನ್ನೊಂದೂವರೆಗೆ ನಾಲ್ಕು, ಹನ್ನೆರಡಕ್ಕೂ ನಾಲ್ಕು. ಗಂಡ ನಲ್ಲಿಯ ಪಕ್ಕ ಪೈಪು ಹಿಡಿದು ಕೂತಿದ್ದ.

“ಐದಾಯ್ತಾ?” ಎಂದು ಇಣುಕುತ್ತಿದ್ದ.

“ಆದಾಗ ಹೇಳ್ತೀನಿ ರೀ, ತಲೆ ತಿನ್ನಬೇಡಿ.”

ಹನ್ನೆರಡೂಕಾಲಿಗೆ ಸೂಲಗಿತ್ತಿಯ ಫೋನ್ ಬಡಿದುಕೊಂಡಿತು. ಎರಡು ಬೀದಿ ಆಚೆ ಇನ್ನೊಬ್ಬ ಗರ್ಭಿಣಿ, ಚೊಚ್ಚಲು, ನೀರಿನ ಚೀಲ ಒಡೆದು ಹೆದರಿ ಅಳುತ್ತಿದ್ದಾಳೆ. ಸೂಲಗಿತ್ತಿ ಇವಳ ಕಡೆ ನೋಡಿದರು. ಇವಳಿಗೆ ಎರಡನೆಯ ಯೋಚನೆ ಬರಲಿಲ್ಲ. ಯಾವ ಗಾಡಿ ಮೊದಲು ಯಾರ ಮನೆಗೆ ಹೋಗಬೇಕು ಎಂದು ಎಂಟು ವರ್ಷ ತೀರ್ಮಾನಿಸಿದ ಬಾಯಿ ತಾನಾಗಿ ತೆರೆಯಿತು.

“ಹೋಗಿ ಬನ್ನಿ. ಪಾಪ, ಅವರಿಗೆ ಮೊದಲನೇ ಸಲ. ನಂದು ನಾಲ್ಕೇ ತಾನೆ.”

“ಒಂದು ಗಂಟೆಯೊಳಗೆ ಬರ್ತೀನಿ. ಏನಾದರೂ ಆದರೆ ಫೋನ್ ಮಾಡು” ಎಂದು ಅವರು ಇಳಿದು ಹೋದರು. ಸಿಲಿಂಡರನ್ನು ಅವರು ಮೇಲೆ ತಂದೇ ಇರಲಿಲ್ಲ. ಅದು ಅವರ ಜೊತೆ ಕಾರಿನಲ್ಲೇ ಹೋಯಿತು.

ಆಮೇಲೆ ಬಂದದ್ದಕ್ಕೆ ಅವಳ ಬಳಿ ಅಂಕೆ ಇರಲಿಲ್ಲ. ಸೊಂಟದಿಂದ ಶುರುವಾಗಿ ತೊಡೆಯವರೆಗೆ ಹಿಂಡಿತು, ಬಿಟ್ಟಿತು, ಬಿಟ್ಟೆನೆಂದು ಹೇಳಿ ಮತ್ತೆ ಹಿಡಿಯಿತು. ಕಿಟಕಿಯ ಸರಳು ಹಿಡಿದು ನಿಂತವಳ ಗೆಣ್ಣುಗಳು ಬಿಳಿಚಿಕೊಂಡವು. ಅವಳು ಒಂದು ಸದ್ದೂ ಮಾಡಲಿಲ್ಲ. ಅವಳಿಗೆ ಸಾಕಾಗಿಹೋಗಿತ್ತು, ನಿಜವಾಗಿ ಸಾಕಾಗಿತ್ತು. ಅಲ್ಲೇ ನೆಲದ ಮೇಲೆ ಉರುಳಿ ಮಲಗಿಬಿಟ್ಟು, ಈ ಕೆಲಸವನ್ನು ಬೇರೆ ಯಾರಾದರೂ ಮುಗಿಸಿಕೊಡಲಿ ಅನ್ನಿಸುತ್ತಿತ್ತು.

ಅತ್ತೆ ಬಟ್ಟೆ ಕೆಳಗಿಟ್ಟು ಎದ್ದು ಬಂದರು. ಸೊಸೆಯ ಕಾಲಿನ ಬೆರಳುಗಳು ಮುದುಡಿದ್ದನ್ನು ನೋಡಿದರು.

“ಎಷ್ಟೇ ಇದು?”

“ನಾಲ್ಕು ಅತ್ತೆ.”

“ನಿನ್ನ ನಾಲ್ಕಕ್ಕೆ ಬೆಂಕಿ ಬೀಳ.” ಅತ್ತೆ ಮಗನ ಕಡೆ ತಿರುಗಿದರು. “ಇವಳ ಅಪ್ಪಣೆ ಕಾಯ್ತಾ ಕೂತಿದ್ದೀಯಲ್ಲೋ ಪುಣ್ಯಾತ್ಮ, ನಲ್ಲಿ ತಿರುಗಿಸು. ಆ ಅಮ್ಮನಿಗೆ ಫೋನ್ ಹಚ್ಚು.”

ಅವನು ಎರಡೂ ಕೆಲಸ ಒಟ್ಟಿಗೆ ಮಾಡಲು ಹೋಗಿ ಪೈಪು ಜಾರಿ ನಡುಮನೆಯೆಲ್ಲ ನೀರಾಯಿತು. ಕೊನೆಗೂ ಫೋನ್ ಹತ್ತಿತು. ಅವಳ ಕಿವಿಗೆ ಹಿಡಿದ.

“ಹೇಳಮ್ಮಾ. ಈಗ ಹತ್ತಕ್ಕೆಷ್ಟು?”

ಫೋನಿನ ಈ ತುದಿಯಲ್ಲಿ ಅವಳು ಯಾವತ್ತೂ ನಿಂತವಳಲ್ಲ. ಆ ಕಡೆಯವರಿಗೆ ಕೆಲಸವಿದೆ, ಅಲ್ಲೊಬ್ಬಳು ಚೊಚ್ಚಲು ಹುಡುಗಿ ಅಳುತ್ತಿದ್ದಾಳೆ, ತೊಂದರೆ ಕೊಟ್ಟೆನಲ್ಲ ಎಂಬ ನಾಚಿಕೆ ನೋವಿಗಿಂತ ಮೊದಲು ಗಂಟಲಿಗೆ ಬಂತು.

“ನಾಲ್ಕು” ಎಂದಳು.

ಸೂಲಗಿತ್ತಿ ಏನೂ ಹೇಳಲಿಲ್ಲ. ಫೋನ್ ಇಡಲಿಲ್ಲ, ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಸುಮ್ಮನೆ ಕಾದರು. ಒಂದು ಕ್ಷಣ, ಎರಡು, ಮೂರು. ಆ ಖಾಲಿ ಜಾಗದಲ್ಲಿ ಅವಳಿಗೆ ಮುದುಕನ ಉಸಿರು ಕೇಳಿಸಿತು. ಅವನೂ ಹೀಗೇ ನಾಚಿಕೊಂಡಿದ್ದ. ಅವನಿಗೆ ಬೇಕಾಗಿದ್ದದ್ದು ಇಷ್ಟೇ ಹೊತ್ತು, ಮೂರು ಕ್ಷಣ, ಅದನ್ನು ತಾನು ಕೊಡಲಿಲ್ಲ.

“ಅಲ್ಲ” ಎಂದಳು. “ಹತ್ತು. ಆಗಿನಿಂದ ಹತ್ತು. ನನ್ನ ಕೈಲಾಗಲ್ಲ, ಬೇಗ ಬನ್ನಿ.”

“ಹೊರಟೆ.”

ಮುಂದಿನದೆಲ್ಲ ಇಪ್ಪತ್ತೈದು ನಿಮಿಷದೊಳಗೆ ನಡೆದುಹೋಯಿತು. ಕಾರು ಬಂದ ಸದ್ದಿಗೆ ಗಂಡ ಕೆಳಗೋಡಿ ಸಿಲಿಂಡರನ್ನು ಹೆಗಲಿಗೆ ಹಾಕಿಕೊಂಡು ನಾಲ್ಕು ಮಹಡಿ ಹತ್ತಿ ಬಂದ. ಸೂಲಗಿತ್ತಿ ಬಂದವರೇ ಮುಟ್ಟಿ ನೋಡಿ, ಅಲ್ಲೇ ಚಾಪೆ ಹಾಸಿಸಿದರು. ಟಬ್ಬಿನಲ್ಲಿ ನೀರು ಪಾದ ಮುಳುಗುವಷ್ಟೂ ಇರಲಿಲ್ಲ.

“ಸೂಜಿ ಕೊಡಿ” ಎಂದಳು ಅವಳು. ತಾನೇ ಗೀಟು ಎಳೆದದ್ದು ನೆನಪಿತ್ತು, ಲೆಕ್ಕಕ್ಕಿರಲಿಲ್ಲ. “ಕಾಲಿಗೆ ಬೀಳ್ತೀನಿ, ಕೊಡಿ.”

“ಹೊತ್ತು ಮೀರಿತಮ್ಮಾ. ಈಗ ಕೊಟ್ಟರೆ ಮಗು ಮಂಪರಲ್ಲಿ ಹುಟ್ಟುತ್ತೆ. ಇದನ್ನ ಎಳ್ಕೋ.”

ಗ್ಯಾಸಿನಿಂದ ನೋವು ಹೋಗಲಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿದು ಕೂತಿತು, ಅವಳಿಗೆ ಉಸಿರಾಡಲು ಜಾಗ ಬಿಟ್ಟಿತು. ಅತ್ತೆ ಹಿಂದಿನಿಂದ ತಬ್ಬಿ ಹಿಡಿದಿದ್ದರು. ಈ ಸಲ ಅವಳು ಕೂಗಿದಳು, ಪಕ್ಕದ ಮನೆಯಲ್ಲಿದ್ದ ಮಗಳಿಗೆ ಕೇಳಿಸಬಹುದೆಂಬ ಹಂಗೂ ಇಲ್ಲದೆ ಕೂಗಿದಳು. ಎರಡು ಗಂಟೆಗೆ ಹತ್ತು ನಿಮಿಷ ಇರುವಾಗ ಮಗು ಬಂತು. ಮೊದಲು ಏನೂ ಇಲ್ಲ, ಆಮೇಲೆ ಒಂದು ಕೆಮ್ಮು, ಆಮೇಲೆ ಅಳು. ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಶುರುವಾಗಿ, ಜಗಳಕ್ಕೆ ನಿಂತವರ ಹಾಗೆ ದೊಡ್ಡದಾಯಿತು. ಅವಳಿಗೆ ಎಲ್ಲವೂ ಕೇಳಿಸಿತು. ಖುಷಿಯಿಂದಲೋ ಸುಸ್ತಿನಿಂದಲೋ ಅವಳೂ ಅತ್ತಳು.

“ತಪ್ಪು ನಂದೂ ಇದೆ” ಎಂದರು ಸೂಲಗಿತ್ತಿ, ಚೀಲ ಕಟ್ಟುತ್ತ. “ನೀನು ಹೇಳಿದ್ದನ್ನ ಕೇಳಿಸಿಕೊಂಡೆ, ಮುಖ ನೋಡಲಿಲ್ಲ.” ಚೊಚ್ಚಲಿನವಳಿಗೆ ಇನ್ನೂ ಹೊತ್ತಿದೆಯಂತೆ, ಅಲ್ಲಿಗೆ ಮತ್ತೆ ಹೋಗಬೇಕಿತ್ತು. ಸಿಲಿಂಡರ್ ಇಳಿಸಿಕೊಡಲು ಗಂಡನೂ ಹಿಂದೆ ಹೋದ.

ಮನೆ ತಣ್ಣಗಾಯಿತು. ಮಗು ಎದೆಯ ಮೇಲೆ ನಿದ್ದೆ ಹೋಗಿತ್ತು. ಅತ್ತೆ ನೆಲ ಒರೆಸಿ ಮುಗಿಸಿ, ಸೀರೆಯನ್ನು ಮೊಣಕಾಲಿಗೆತ್ತಿ, ಟಬ್ಬಿನ ಅಂಚಿನ ಮೇಲೆ ಕೂತು ಆ ಚೂರು ಬೆಚ್ಚನೆ ನೀರಿನಲ್ಲಿ ಪಾದ ಇಟ್ಟುಕೊಂಡರು. ಇಷ್ಟು ಕಷ್ಟಪಟ್ಟು ತುಂಬಿದ್ದು ದಂಡವಾಗಬಾರದಲ್ಲ ಎಂದರು. ಅವರ ಪಾದಗಳು ಊದಿಕೊಂಡಿದ್ದವು. ಇವಳು ಅದನ್ನು ಈವರೆಗೆ ಗಮನಿಸಿರಲಿಲ್ಲ.

“ಅತ್ತೆ, ನಿಮಗೆ ಆಗ ಹತ್ತಕ್ಕೆಷ್ಟಿತ್ತು?”

“ನನಗೇನು, ಮೂರೋ ನಾಲ್ಕೋ.”

ಅವಳ ಕಣ್ಣು ಮುಚ್ಚಿಕೊಳ್ಳುತ್ತಿತ್ತು, ಆದರೂ ಬೇರೇನೂ ಕೇಳದೆ ಕಾದಳು. ಅತ್ತೆ ನೀರಿನಲ್ಲಿ ಪಾದ ಅಲ್ಲಾಡಿಸಿದರು. ಕೆಳಗೆ ಬೀದಿಯಲ್ಲಿ ಕಾರು ಹೊರಟ ಸದ್ದಾಯಿತು.

“ನಿನ್ನ ಗಂಡ ಹುಟ್ಟೋವಾಗ ಸತ್ತೇ ಹೋದೆ ಅಂದ್ಕೊಂಡೆ ಕಣೇ” ಎಂದರು ಅತ್ತೆ, ನೀರು ನೋಡುತ್ತ. “ಯಾರೂ ಕೇಳಲೇ ಇಲ್ಲ.”